ನಸುಕಿನಲ್ಲೆದ್ದು ಸೋಲು ನೋಡುವ ಹುಚ್ಚು

ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆಯವರೆಗೂ ನನ್ನ ಮೊಬೈಲ್‌ನಲ್ಲಿ ಬೆಳಗಿನ ಜಾವ 4 ಗಂಟೆಗೆ ಅಲಾರಂ ಹೊಡೆದುಕೊಳ್ಳುತ್ತಿತ್ತು. ರೂಮಿನ ಲೈಟು ಕಂಡ ಹಾಸ್ಟೆಲ್ ವಾರ್ಡನ್ ನನ್ನನ್ನು 'ಓದೋ ಹುಡುಗ' ಎಂದುಕೊಂಡಿದ್ದರು. ಆ ಸುದ್ದಿ ಹೇಗೋ ಊರಿಗೂ ಮುಟ್ಟಿ ಅಮ್ಮ ಹಿಗ್ಗಿದ್ದಳು. ಸತ್ಯ ಗೊತ್ತಿದ್ದದ್ದು ರೂಮ್‌ಮೇಟ್ ಒಬ್ಬನಿಗೇ. ಅವನು ಹೊದಿಕೆಯ ಒಳಗಿಂದಲೇ ಕೇಳುತ್ತಿದ್ದ.

"ಇವತ್ತೂ ಸೋತ್ರಾ?"

"ಇನ್ನೂ ಶುರುನೇ ಆಗಿಲ್ಲ ಕಣೋ."

"ಹಂಗಾದ್ರೆ ಮಲ್ಕೋ. ಹೆಂಗೂ ಸೋಲ್ತಾರೆ, ಎದ್ದ ಮೇಲೆ ನೋಡಿದ್ರಾಯ್ತು."

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾನು ಹಚ್ಚಿಕೊಂಡಿರುವುದು ಅಮೆರಿಕದ ಬೇಸ್‌ಬಾಲ್ ತಂಡ ಪಿಟ್ಸ್‌ಬರ್ಗ್ ಪೈರೇಟ್ಸ್. ಅಲ್ಲಿ ಸಂಜೆ 6.40ಕ್ಕೆ ಆಟ ಶುರುವಾದರೆ ಇಲ್ಲಿ ಮರುದಿನ ಬೆಳಗಿನ ಜಾವ 4.10. ಪೂರ್ತಿ ಪಂದ್ಯ ನೋಡಬೇಕೆಂದರೆ ಚಂದಾ ಕಟ್ಟಬೇಕು. ಅಷ್ಟು ದುಡ್ಡಿಲ್ಲದ ನನಗೆ ಸ್ಕೋರ್ ಆ್ಯಪೇ ಸ್ಟೇಡಿಯಂ. ಒಂದೊಂದು ಎಸೆತಕ್ಕೂ ಪರದೆಯ ಮೇಲೆ ಒಂದೊಂದು ಚುಕ್ಕೆ ಬೀಳುತ್ತದೆ. ಆ ಚುಕ್ಕೆಗಳನ್ನು ನೋಡುತ್ತಾ ಈ ವರ್ಷ ನಾನು ಕಂಡದ್ದು 162 ಪಂದ್ಯಗಳಲ್ಲಿ 91 ಸೋಲು, 71 ಗೆಲುವು. ವಿಭಾಗದ ಐದು ತಂಡಗಳಲ್ಲಿ ಕೊನೆಯ ಸ್ಥಾನ. ಗೆಲುವಿಗಿಂತ ಸೋಲೇ ಹೆಚ್ಚಾದ ಸತತ ಏಳನೇ ಸೀಸನ್ ಇದು.

ಕ್ರಿಕೆಟ್ ಬಿಟ್ಟು ಇದೇನು ಹುಚ್ಚು ಎಂದು ನೀವು ಕೇಳಬಹುದು. ಮೊದಲು ಅದನ್ನೇ ಹೇಳುತ್ತೇನೆ.

ಜಾವೆಲಿನ್ ಹುಡುಗನಿಂದ ಶುರು

ಲಾಕ್‌ಡೌನ್ ದಿನಗಳಲ್ಲಿ ಮನೆಯಲ್ಲಿ ಕೂತು 'ಮಿಲಿಯನ್ ಡಾಲರ್ ಆರ್ಮ್' ಸಿನಿಮಾ ನೋಡಿದ್ದೆ. 2014ರಲ್ಲಿ ಬಂದ, ಎ.ಆರ್. ರೆಹಮಾನ್ ಸಂಗೀತ ನೀಡಿದ ಚಿತ್ರ. ಕಥೆ ನಿಜವಾದದ್ದು. ಬೇಸ್‌ಬಾಲನ್ನು ಕೈಯಲ್ಲಿ ಹಿಡಿದು ನೋಡಿರದ ಹುಡುಗರಲ್ಲಿ ವೇಗವಾಗಿ ಎಸೆಯುವವರು ಯಾರಿದ್ದಾರೆ ಎಂದು ಹುಡುಕಲು 2008ರಲ್ಲಿ ಭಾರತದಲ್ಲಿ ಒಂದು ಸ್ಪರ್ಧೆ ನಡೆಯಿತು. ಅದರಲ್ಲಿ ಮುಂದೆ ಬಂದವರು ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. (ಕೆಕೆಆರ್‌ನ ರಿಂಕು ಸಿಂಗ್ ಅಲ್ಲ, ಅವರೇ ಬೇರೆ!) ಈ ರಿಂಕು ಜಾವೆಲಿನ್ ಎಸೆಯುತ್ತಿದ್ದವರು. ಇಬ್ಬರನ್ನೂ ಅಮೆರಿಕಕ್ಕೆ ಕರೆದುಕೊಂಡು ಹೋಗಿ ತಿಂಗಳುಗಟ್ಟಲೆ ತರಬೇತಿ ಕೊಟ್ಟರು. ಕೊನೆಗೆ ಅವರೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದ ತಂಡವೇ ಪಿಟ್ಸ್‌ಬರ್ಗ್ ಪೈರೇಟ್ಸ್.

ಇಬ್ಬರೂ ಮುಖ್ಯ ತಂಡದವರೆಗೆ ಮುಟ್ಟಲಿಲ್ಲ. ದಿನೇಶ್ 2010ರಲ್ಲೇ ಹೊರಬಿದ್ದರು. ರಿಂಕು ಕೆಳಹಂತದ ಲೀಗ್‌ಗಳಲ್ಲಿ ಕೆಲವು ವರ್ಷ ಆಡಿದರು, ಮೊಣಕೈ ಗಾಯ ಅವರನ್ನು ನಿಲ್ಲಿಸಿತು. ಆಮೇಲೆ ಅವರು ಡಬ್ಲ್ಯುಡಬ್ಲ್ಯುಇ ಕುಸ್ತಿಗೆ ಹೋದರು. ಆದರೆ ನಮ್ಮ ದೇಶದ ಇಬ್ಬರು ಹಳ್ಳಿ ಹುಡುಗರನ್ನು ಒಂದು ಕೈ ನೋಡೋಣ ಎಂದು ಕರೆದ ತಂಡ ಯಾವುದು ಎಂದು ಹುಡುಕುತ್ತಾ ಹೋದವನು ನಾನು ಅಲ್ಲೇ ಸಿಕ್ಕಿಹಾಕಿಕೊಂಡೆ.

ಪಿಟ್ಸ್‌ಬರ್ಗ್ ಎಂದರೆ ನಮ್ಮ ಕಂಪ್ಯೂಟರ್ ಸೈನ್ಸ್‌ನವರಿಗೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಊರು. ಅಮೆರಿಕದವರಿಗೆ ಅದು ಉಕ್ಕಿನ ಊರು, ನಮಗೆ ಭದ್ರಾವತಿ ಇದ್ದ ಹಾಗೆ. 1980ರ ದಶಕದಲ್ಲಿ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ ಸಾವಿರಾರು ಜನ ಊರು ಬಿಟ್ಟರು. ಈಗ ನಗರದ ಜನಸಂಖ್ಯೆ ಸುಮಾರು 3 ಲಕ್ಷ. ಆದರೂ ನದಿ ದಂಡೆಯಲ್ಲಿರುವ ಪಿಎನ್‌ಸಿ ಪಾರ್ಕ್‌ನಷ್ಟು ಚೆಂದದ ಬೇಸ್‌ಬಾಲ್ ಮೈದಾನ ಇನ್ನೊಂದಿಲ್ಲ ಎನ್ನುವವರು ಬೇಕಾದಷ್ಟಿದ್ದಾರೆ. ಐದು ಬಾರಿ ವರ್ಲ್ಡ್ ಸೀರೀಸ್ ಗೆದ್ದ ತಂಡ ಇದು. ಕೊನೆಯದು 1979ರಲ್ಲಿ, ಅಂದರೆ ನನ್ನ ಅಪ್ಪ ಅಮ್ಮನ ಮದುವೆಗೂ ಎಷ್ಟೋ ಮೊದಲು.

ಒಳ್ಳೆಯವರೆಲ್ಲ ಹೊರಡುವ ಊರು

ಐಪಿಎಲ್ ನೋಡಿ ಬೆಳೆದ ನಮಗೆ ಅಲ್ಲಿನ ಲೆಕ್ಕ ವಿಚಿತ್ರ ಅನ್ನಿಸುತ್ತದೆ. ಇಲ್ಲಿ 2025ರ ಸೀಸನ್‌ಗೆ ಪ್ರತಿ ತಂಡದ ಪರ್ಸ್ 120 ಕೋಟಿ ರೂಪಾಯಿ. ಮುಂಬೈಗೂ ಅಷ್ಟೇ, ಲಖನೌಗೂ ಅಷ್ಟೇ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಹಾಗೆ ಮಿತಿಯೇ ಇಲ್ಲ. ಒಂದು ಹಂತ ದಾಟಿ ಖರ್ಚು ಮಾಡಿದರೆ ತೆರಿಗೆ ಕಟ್ಟಬೇಕು, ಅಷ್ಟೇ. ಹಾಗಾಗಿ 2025ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತನ್ನ ಆಟಗಾರರ ಸಂಬಳಕ್ಕೆ 30 ಕೋಟಿ ಡಾಲರ್‌ಗೂ ಹೆಚ್ಚು ಸುರಿದರೆ, ಪೈರೇಟ್ಸ್ 10 ಕೋಟಿ ಡಾಲರ್ ದಾಟದೆ ಸೀಸನ್ ಶುರು ಮಾಡಿತು. ಇಬ್ಬರೂ ಆಡುವುದು ಒಂದೇ ಲೀಗ್‌ನಲ್ಲಿ.

ಆಟಗಾರ ಲೀಗ್‌ಗೆ ಬಂದ ಮೇಲೆ ಆರು ವರ್ಷದ ಸೇವೆ ಮುಗಿಯುವವರೆಗೆ ತಂಡದ ಹಿಡಿತದಲ್ಲಿರುತ್ತಾನೆ. ಆಮೇಲೆ ಅವನು ಸ್ವತಂತ್ರ, ಹೆಚ್ಚು ಕೊಟ್ಟವರ ಕಡೆ ಹೋಗಬಹುದು. ಆದ್ದರಿಂದ ಚಿಕ್ಕ ಊರಿನ ತಂಡಗಳು ಹುಡುಗರನ್ನು ಬೆಳೆಸುವುದು, ದೊಡ್ಡ ಊರಿನ ತಂಡಗಳು ಬೆಳೆದವರನ್ನು ಕೊಳ್ಳುವುದು ಮಾಮೂಲಾಗಿದೆ. 1992ರಲ್ಲಿ ಪೈರೇಟ್ಸ್ ಫೈನಲ್‌ಗೆ ಒಂದೇ ಹೆಜ್ಜೆ ದೂರವಿತ್ತು. ಅಟ್ಲಾಂಟಾದಲ್ಲಿ ನಿರ್ಣಾಯಕ ಪಂದ್ಯದ ಕೊನೆಯ ಇನಿಂಗ್ಸ್‌ವರೆಗೂ 2–0 ಮುಂದಿದ್ದು 3–2ರಿಂದ ಸೋತಿತು. ಅದರ ಬೆನ್ನಿಗೇ ತಾರೆ ಬ್ಯಾರಿ ಬಾಂಡ್ಸ್ ಸ್ಯಾನ್ ಫ್ರಾನ್ಸಿಸ್ಕೊ ತಂಡಕ್ಕೆ ಹೊರಟರು. ಅಲ್ಲಿಂದ 2012ರವರೆಗೆ ಸತತ 20 ಸೀಸನ್, ಒಂದರಲ್ಲೂ ಸೋಲಿಗಿಂತ ಗೆಲುವು ಹೆಚ್ಚಾಗಲಿಲ್ಲ.

ಆರ್‌ಸಿಬಿ 18ನೇ ಸೀಸನ್‌ನಲ್ಲಿ ಕಪ್ ಎತ್ತಿದಾಗ ನಾವು ಹೇಗೆ ಅತ್ತೆವು ನೆನಪಿದೆಯಲ್ಲ? ಪಿಟ್ಸ್‌ಬರ್ಗ್‌ನವರು ಈ 20 ವರ್ಷ ಕಾದದ್ದು ಕಪ್‌ಗಲ್ಲ, ಸೋಲಿಗಿಂತ ಒಂದು ಗೆಲುವು ಜಾಸ್ತಿ ಆಗಲಿ ಎಂದು.

2013ರಲ್ಲಿ ಅದು ಆಯಿತು. ಆ ವರ್ಷ 94 ಗೆಲುವು. ಅಕ್ಟೋಬರ್ 1ರ ರಾತ್ರಿ ಸಿನ್ಸಿನಾಟಿ ವಿರುದ್ಧದ ಪ್ಲೇಆಫ್ ಪಂದ್ಯದ ವಿಡಿಯೊವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಇಡೀ ಮೈದಾನ ಕಪ್ಪು ಬಟ್ಟೆ ತೊಟ್ಟು ಎದುರಾಳಿ ಪಿಚರ್ ಜಾನಿ ಕ್ವೇಟೊ ಹೆಸರನ್ನು ರಾಗವಾಗಿ ಕೂಗುತ್ತಿದೆ. ಅವನ ಕೈಯಿಂದ ಚೆಂಡು ಜಾರಿ ನೆಲಕ್ಕೆ ಬೀಳುತ್ತದೆ. ಮುಂದಿನ ಎಸೆತವನ್ನೇ ರಸೆಲ್ ಮಾರ್ಟಿನ್ ಗ್ಯಾಲರಿಗೆ ಅಟ್ಟುತ್ತಾನೆ. ಆಗ ಹುಟ್ಟಿದ ಸದ್ದು ಚಿನ್ನಸ್ವಾಮಿಯಲ್ಲಿ ಕೊಹ್ಲಿ ಬ್ಯಾಟಿಂಗ್‌ಗೆ ಇಳಿದಾಗಿನ ಸದ್ದಿಗೇನೂ ಕಡಿಮೆಯಿಲ್ಲ.

ಹಾಗೆ ಸತತ ಮೂರು ವರ್ಷ ಪ್ಲೇಆಫ್. 2015ರಲ್ಲಂತೂ 98 ಗೆಲುವು. ಆಮೇಲೆ ಮತ್ತೆ ಹಳೆಯ ಕಥೆ. 2018ರ ಜನವರಿಯಲ್ಲಿ ಪಿಚರ್ ಗೆರಿಟ್ ಕೋಲ್‌ರನ್ನೂ, ಊರಿನ ಕಣ್ಮಣಿಯಾಗಿದ್ದ ಆಂಡ್ರ್ಯೂ ಮೆಕಚನ್‌ರನ್ನೂ ಬೇರೆ ತಂಡಗಳಿಗೆ ಕೊಟ್ಟುಬಿಟ್ಟರು. 2015ರ ನಂತರ ಪೈರೇಟ್ಸ್ ಪ್ಲೇಆಫ್ ಮುಖ ನೋಡಿಲ್ಲ.

ಜಗತ್ತಿನ ಒಳ್ಳೆ ಬೌಲರ್, ಹತ್ತು ಸೋಲು

ಇಷ್ಟಾದರೂ 2025ರಲ್ಲಿ ನಾನು ಆಸೆ ಇಟ್ಟುಕೊಂಡಿದ್ದೆ. ಕಾರಣ ಪಾಲ್ ಸ್ಕೀನ್ಸ್.

ಬೇಸ್‌ಬಾಲ್‌ನಲ್ಲಿ ಪಿಚರ್ ಎಂದರೆ ನಮ್ಮ ಬೌಲರ್ ಇದ್ದ ಹಾಗೆ. ಪಂದ್ಯಕ್ಕೆ 9 ಇನಿಂಗ್ಸ್. ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟು, 9 ಇನಿಂಗ್ಸ್‌ಗೆ ಪಿಚರ್ ಸರಾಸರಿ ಎಷ್ಟು ರನ್ ಕೊಟ್ಟ ಎಂಬ ಲೆಕ್ಕಕ್ಕೆ ಇಆರ್‌ಎ ಎನ್ನುತ್ತಾರೆ. ಅದು 3ರೊಳಗಿದ್ದರೆ ಪಿಚರ್ ಗಟ್ಟಿಗ. ಈ ವರ್ಷ ಸ್ಕೀನ್ಸ್‌ನದು 1.97. ಸ್ಟ್ರೈಕ್‌ಔಟ್ ಮಾಡಿದ್ದು 216. ನವೆಂಬರ್‌ನಲ್ಲಿ ಅವನಿಗೆ ನ್ಯಾಷನಲ್ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಬಂತು. ಮತ ಹಾಕಿದವರೆಲ್ಲರೂ ಅವನಿಗೇ ಮೊದಲ ಸ್ಥಾನ ಕೊಟ್ಟಿದ್ದರು. ವಯಸ್ಸು ಇನ್ನೂ 23, ನನಗಿಂತ ಮೂರೇ ವರ್ಷ ದೊಡ್ಡವನು.

ಅಲ್ಲಿ ಪಂದ್ಯದ ಗೆಲುವು ಸೋಲನ್ನು ಒಬ್ಬ ಪಿಚರ್ ಹೆಸರಿಗೂ ಬರೆಯುತ್ತಾರೆ. ಇಂಥ ಸ್ಕೀನ್ಸ್ ಹೆಸರಿನ ಮುಂದೆ ಈ ವರ್ಷ ಬರೆದದ್ದು 10 ಗೆಲುವು, 10 ಸೋಲು.

ಹೇಗೆ ಎನ್ನುವಿರಾ? ಮೇ 18ರ ಪಂದ್ಯ ಒಂದು ಸಾಕು. ಅದು ಫಿಲಡೆಲ್ಫಿಯಾದಲ್ಲಿ. ಸ್ಕೀನ್ಸ್ ಎಂಟು ಇನಿಂಗ್ಸ್ ಪೂರ್ತಿ ಒಬ್ಬನೇ ಎಸೆದ. ಒಂಬತ್ತು ಸ್ಟ್ರೈಕ್‌ಔಟ್. ಕೊಟ್ಟದ್ದು ಒಂದೇ ಒಂದು ರನ್. ಎದುರಾಳಿ ಪಿಚರ್ ಮಿಕ್ ಏಬಲ್‌ಗೆ ಅದು ಜೀವನದ ಮೊದಲ ಮೇಜರ್ ಲೀಗ್ ಪಂದ್ಯ. ಆ ಹೊಸ ಹುಡುಗನ ವಿರುದ್ಧ ನಮ್ಮವರಿಗೆ ಒಂದು ರನ್ ಗಳಿಸಲಾಗಲಿಲ್ಲ. ಪೈರೇಟ್ಸ್ 1–0ರಿಂದ ಸೋತಿತು, ಸೋಲು ಸ್ಕೀನ್ಸ್ ಖಾತೆಗೆ ಹೋಯಿತು. ಫೋನನ್ನು ದಿಂಬಿನ ಕೆಳಗೆ ತಳ್ಳಿ ಮಲಗಿದೆ. ನಿದ್ದೆ ಬರಲಿಲ್ಲ.

ಜುಲೈ ಇನ್ನೂ ವಿಚಿತ್ರವಾಗಿತ್ತು. ತಿಂಗಳು ಹೊರಳುವ ಹೊತ್ತಿಗೆ ಸೇಂಟ್ ಲೂಯಿಸ್ ತಂಡ ನಮ್ಮೂರಿಗೆ ಬಂತು (ಹೌದು, ಈಗ ನಾನು 'ನಮ್ಮೂರು' ಅನ್ನುತ್ತೇನೆ). ಮೂರು ಪಂದ್ಯಗಳಲ್ಲಿ ಅವರಿಗೆ ಒಂದೇ ಒಂದು ರನ್ ಸಿಗದಂತೆ ನಮ್ಮ ಪಿಚರ್‌ಗಳು ಕಟ್ಟಿಹಾಕಿದರು. ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದೆ. ಅಲ್ಲಿಂದ ತಂಡ ಸಿಯಾಟಲ್‌ಗೆ ಹೋಯಿತು. ಅಲ್ಲಿ ಮೂರು ಪಂದ್ಯಗಳಲ್ಲಿ ನಮ್ಮವರು ಒಂದೇ ಒಂದು ರನ್ ಗಳಿಸಲಿಲ್ಲ! ಸೀಸನ್ ಮುಗಿದಾಗ 30 ತಂಡಗಳಲ್ಲಿ ಅತಿ ಕಡಿಮೆ ರನ್ ನಮ್ಮದೇ.

ಅಂದರೆ ಕೊರತೆ ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಸೀಸನ್‌ಗೂ ಮೊದಲೇ ಗೊತ್ತಿತ್ತು. ಒಳ್ಳೆಯ ಬ್ಯಾಟರ್‌ಗಳು ಬೇಕಿತ್ತು, ಬರಲಿಲ್ಲ.

"ತಂಡ ಮಾರಿಬಿಡಿ"

ಏಪ್ರಿಲ್‌ನಲ್ಲಿ ತವರಿನ ಮೊದಲ ಪಂದ್ಯದಲ್ಲೇ ಜನ ಮಾಲೀಕ ಬಾಬ್ ನಟ್ಟಿಂಗ್ ಅವರಿಗೆ ಕೇಳುವಂತೆ "ತಂಡ ಮಾರಿಬಿಡಿ" ಎಂದು ಕೂಗಿದರು. ಅದೇ ಸಂದೇಶದ ಬ್ಯಾನರ್ ಕಟ್ಟಿಕೊಂಡ ವಿಮಾನವನ್ನೂ ಮೈದಾನದ ಮೇಲೆ ಹಾರಿಸಿದರು. ಅಭಿಮಾನಿಗಳೇ ದುಡ್ಡು ಕೂಡಿಸಿ ಹಾರಿಸಿದ ವಿಮಾನ!

ಅದೇ ತಿಂಗಳು ಇನ್ನೊಂದು ಕಥೆ. ರಾಬರ್ಟೊ ಕ್ಲೆಮೆಂಟೆ ಈ ತಂಡದ ದೇವರಂಥ ಆಟಗಾರ. 1972ರ ಡಿಸೆಂಬರ್ 31ರಂದು ನಿಕರಾಗುವಾ ಭೂಕಂಪ ಸಂತ್ರಸ್ತರಿಗೆ ಪರಿಹಾರ ಸಾಮಗ್ರಿ ಒಯ್ಯುತ್ತಿದ್ದಾಗ ವಿಮಾನ ಬಿದ್ದು ತೀರಿಕೊಂಡವರು. ಅವರ ಜೆರ್ಸಿ ಸಂಖ್ಯೆ 21. ಮೈದಾನದ ಬಲಬದಿಯ ಗೋಡೆಯನ್ನು ಅವರ ಗೌರವಕ್ಕೆಂದೇ 21 ಅಡಿ ಎತ್ತರ ಕಟ್ಟಿದ್ದಾರೆ. ಆ ಗೋಡೆಯ ಮೇಲಿದ್ದ ಅವರ 21ರ ಗುರುತು ಈ ವರ್ಷ ಕಾಣೆಯಾಗಿ ಆ ಜಾಗದಲ್ಲಿ ಒಂದು ಮದ್ಯದ ಜಾಹೀರಾತು ಬಂತು. ಕ್ಲೆಮೆಂಟೆ ಕುಟುಂಬ ನೊಂದುಕೊಂಡಿತು, ಊರು ಸಿಟ್ಟಿಗೆದ್ದಿತು, ಆಮೇಲೆ ತಂಡ 21ನ್ನು ಮತ್ತೆ ಹಾಕಿತು.

ಮೇ 8ಕ್ಕೆ ಮ್ಯಾನೇಜರ್ ಡೆರೆಕ್ ಶೆಲ್ಟನ್‌ರನ್ನು ತೆಗೆದರು. ಆಗ 38 ಪಂದ್ಯಗಳಲ್ಲಿ 26 ಸೋಲಾಗಿತ್ತು. ಜುಲೈ ಕೊನೆಗೆ, ಅದೇ ಸೀಮೆಯಲ್ಲಿ ಹುಟ್ಟಿ ಇದೇ ತಂಡವನ್ನು ನೋಡುತ್ತಾ ಬೆಳೆದ ಪಿಚರ್ ಡೇವಿಡ್ ಬೆಡ್ನರ್‌ರನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಕೊಟ್ಟರು. ಸ್ಕೀನ್ಸ್ 2029ರವರೆಗೆ ನಮ್ಮವನು. ಆಮೇಲೆ? ಅಭಿಮಾನಿಗಳೆಲ್ಲ ಈಗಲೇ ವರ್ಷ ಎಣಿಸುತ್ತಿದ್ದಾರೆ.

ಮಿಲ್ವಾಕಿ ಕೊಟ್ಟ ಉತ್ತರ

ಇಷ್ಟು ದಿನ ನಾನು ತಂಡವನ್ನು ಸಮರ್ಥಿಸಿಕೊಳ್ಳುತ್ತಿದ್ದೆ. "ಚಿಕ್ಕ ಊರು ಮಗಾ, ದುಡ್ಡಿಲ್ಲ, ಏನ್ ಮಾಡಕ್ಕಾಗತ್ತೆ?" ಎನ್ನುತ್ತಿದ್ದೆ. ಈ ವರ್ಷ ನನ್ನ ಬಾಯಿ ಕಟ್ಟಿದ್ದು ಮಿಲ್ವಾಕಿ ಬ್ರೂಯರ್ಸ್.

ಮಿಲ್ವಾಕಿ ಪಿಟ್ಸ್‌ಬರ್ಗ್‌ಗಿಂತಲೂ ಚಿಕ್ಕ ಮಾರುಕಟ್ಟೆ. 30 ತಂಡಗಳಲ್ಲೇ ಅತಿ ಚಿಕ್ಕದು ಎನ್ನುತ್ತಾರೆ. ಅವರ ಸಂಬಳದ ಖರ್ಚು ಡಾಡ್ಜರ್ಸ್‌ನ ಅರ್ಧಕ್ಕೂ ಬರುವುದಿಲ್ಲ. ಅವರೂ ತಾರೆಗಳನ್ನು ಕಳೆದುಕೊಂಡವರೇ. 2023ರ ಕೊನೆಗೆ ಅವರ ಮ್ಯಾನೇಜರ್ ಪಕ್ಕದ ಶಿಕಾಗೊ ತಂಡಕ್ಕೆ ಹೋದರು. ಮರುವರ್ಷ ಅತ್ಯುತ್ತಮ ಪಿಚರ್‌ನನ್ನು ಬೇರೆ ತಂಡಕ್ಕೆ ಕೊಟ್ಟರು. ಆದರೂ 2025ರಲ್ಲಿ ಅವರು ಗೆದ್ದದ್ದು 97. ಇಡೀ ಲೀಗ್‌ನಲ್ಲಿ ಅತಿ ಹೆಚ್ಚು. ಡಾಡ್ಜರ್ಸ್ ವಿರುದ್ಧ ಲೀಗ್ ಹಂತದಲ್ಲಿ ಆಡಿದ ಆರಕ್ಕೆ ಆರೂ ಗೆದ್ದರು.

ನನಗೆ ಹೆಚ್ಚು ಚುಚ್ಚಿದ್ದು ಕ್ವಿನ್ ಪ್ರೀಸ್ಟರ್ ಹೆಸರು. 2019ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಪೈರೇಟ್ಸ್ ಆರಿಸಿಕೊಂಡ ಪಿಚರ್ ಇವನು. ನಮ್ಮಲ್ಲಿ ಮಿಂಚಲಿಲ್ಲ, 2024ರಲ್ಲಿ ಬಾಸ್ಟನ್‌ಗೆ ಕೊಟ್ಟರು. 2025ರ ಏಪ್ರಿಲ್‌ನಲ್ಲಿ ಮಿಲ್ವಾಕಿ ಅವನನ್ನು ಕರೆಸಿಕೊಂಡಿತು. ಅಲ್ಲಿ ಅವನ ದಾಖಲೆ 13 ಗೆಲುವು, 3 ಸೋಲು. ಹುಡುಗ ಅವನೇ, ತೋಳೂ ಅದೇ. ಅವನಿಂದ ಕೆಲಸ ತೆಗೆಯುವುದು ಅವರಿಗೆ ಗೊತ್ತಿತ್ತು.

ಲೀಗ್‌ನ ನಿಯಮವೂ ಚಿಕ್ಕವರನ್ನು ಪೂರ್ತಿ ಕೈಬಿಟ್ಟಿಲ್ಲ. ಪ್ರತಿ ತಂಡ ತನ್ನ ಸ್ಥಳೀಯ ಆದಾಯದ ಶೇ 48ರಷ್ಟನ್ನು ಒಂದೆಡೆ ಹಾಕಿ, ಅದನ್ನು 30 ತಂಡಗಳೂ ಸಮನಾಗಿ ಹಂಚಿಕೊಳ್ಳುತ್ತವೆ. ದೊಡ್ಡ ಊರುಗಳ ದುಡ್ಡು ಚಿಕ್ಕ ಊರುಗಳಿಗೆ ಹರಿಯುವುದು ಹೀಗೆ.

ಹಾಗಂತ ದುಡ್ಡು ಲೆಕ್ಕಕ್ಕಿಲ್ಲ ಎಂದರೆ ಸುಳ್ಳಾಗುತ್ತದೆ. ಅದೇ ಮಿಲ್ವಾಕಿ ಪ್ಲೇಆಫ್‌ನಲ್ಲಿ ಅದೇ ಡಾಡ್ಜರ್ಸ್ ಎದುರು 4–0ರಿಂದ ಸೋತಿತು. ಡಾಡ್ಜರ್ಸ್ ಮುಂದೆ ಹೋಗಿ ಕಪ್ ಗೆದ್ದಿತು. ಚಿಕ್ಕವರಿಗೆ ದಾರಿ ಕಡಿದೇ. ಆದರೆ ಮಿಲ್ವಾಕಿಯವರು ಸೋಲುವ ಮೊದಲು ತಮ್ಮ ಕೈಲಾದದ್ದನ್ನೆಲ್ಲ ಮಾಡಿದ್ದರು. ಅಂಥ ಸೋಲಿಗೆ ಬೇಜಾರಾಗಬಹುದು, ಸಿಟ್ಟು ಬರುವುದಿಲ್ಲ. ಪಿಟ್ಸ್‌ಬರ್ಗ್‌ನ ಜನ ವಿಮಾನ ಹಾರಿಸಿದ್ದು ತಂಡ ಚಿಕ್ಕದು ಎಂದಲ್ಲ, ಚಿಕ್ಕದು ಎಂಬುದೇ ಪ್ರತಿವರ್ಷದ ಸಬೂಬು ಆಗಿದೆ ಎಂದು.

ಕನ್ನಡಿ ಹಿಡಿದ ರೂಮ್‌ಮೇಟ್

ಇದು ನನಗೆ ಸರಿಯಾಗಿ ಅರ್ಥವಾದದ್ದು ಬೇಸ್‌ಬಾಲ್‌ನಿಂದಲ್ಲ, ಒಂದು ಆನ್‌ಲೈನ್ ಟೆಸ್ಟ್‌ನಿಂದ.

ನಮ್ಮದು ಬೆಂಗಳೂರಿನಿಂದ ದೂರದ ಸಣ್ಣ ಕಾಲೇಜು. ದೊಡ್ಡ ಕಂಪನಿಗಳು ಕ್ಯಾಂಪಸ್‌ಗೆ ಬರುವುದು ಅಪರೂಪ. ಸೆಪ್ಟೆಂಬರ್‌ನಲ್ಲಿ ಒಂದು ಕಂಪನಿ ಇಂಟರ್ನ್‌ಶಿಪ್‌ಗೆಂದು ಹಲವು ಕಾಲೇಜುಗಳಿಗೆ ಒಟ್ಟಿಗೆ ಟೆಸ್ಟ್ ಇಟ್ಟಿತ್ತು. ನಾನು ಮೊದಲ ಸುತ್ತಿನಲ್ಲೇ ಉದುರಿದೆ. ರಾತ್ರಿ ಮೆಸ್‌ನಲ್ಲಿ ಅನ್ನ ಕಲಸುತ್ತಾ, "ನಮ್ಮಂಥ ಕಾಲೇಜಿನವರನ್ನ ಯಾರ್ ತಗೋತಾರೋ, ಎಲ್ಲಾ ಬೆಂಗಳೂರಿನವರಿಗೇ" ಎಂದೆ. ರೂಮ್‌ಮೇಟ್ ತಟ್ಟೆಯಿಂದ ತಲೆ ಎತ್ತಲೂ ಇಲ್ಲ.

"ನಮ್ ಸೆಕ್ಷನ್‌ನಲ್ಲೇ ಇಬ್ರು ಹುಡ್ಗೀರು ಪಾಸಾಗಿದಾರೆ ಗೊತ್ತಾ? ಅವರದೇನು ಬೇರೆ ಕಾಲೇಜಾ?"

ನಾನು ಸುಮ್ಮನಿದ್ದೆ.

"ನಿನ್ ಟೀಮ್ ಓನರ್ ತರಾನೇ ಮಾತಾಡ್ತಿದೀಯಲ್ಲೋ ನೀನು."

ನಗು ಬರಲಿಲ್ಲ. ಆ ಇಬ್ಬರು ಎರಡು ತಿಂಗಳಿಂದ ಲೈಬ್ರರಿಯಲ್ಲಿ ಕೂತು ಕೋಡಿಂಗ್ ಲೆಕ್ಕ ಬಿಡಿಸುತ್ತಿದ್ದದ್ದನ್ನು ನಾನೇ ನೋಡಿದ್ದೆ. ಅದೇ ಎರಡು ತಿಂಗಳು ನಾನು ನಸುಕಿನಲ್ಲೆದ್ದು ಚುಕ್ಕೆ ಎಣಿಸಿದ್ದೆ. ಬೆಂಗಳೂರಿನ ದೊಡ್ಡ ಕಾಲೇಜುಗಳಿಗೆ ಹತ್ತಾರು ಕಂಪನಿ ಬರುತ್ತವೆ, ನಮಗೆ ಬರುವುದಿಲ್ಲ. ಇದು ನಿಜ, ಅನ್ಯಾಯವೂ ಹೌದು. ಆದರೆ ಆ ಟೆಸ್ಟ್‌ನಲ್ಲಿ ನಾನು ಉದುರಿದ್ದಕ್ಕೆ ಅದು ಕಾರಣವಲ್ಲ. ಆವತ್ತು ಕಾಲೇಜಿನ ಹೆಸರನ್ನು ನೆಪಕ್ಕೆ ಬಳಸಿದ್ದೆ ಅಷ್ಟೇ.

"ಆ ತಂಡ ಬಿಟ್ಟಾಕು, ಡಾಡ್ಜರ್ಸ್ ನೋಡು" ಎಂದು ಈಗಲೂ ಗೆಳೆಯರು ಹೇಳುತ್ತಾರೆ. ಆರ್‌ಸಿಬಿ ಬಿಡು ಎಂದು ವರ್ಷಗಟ್ಟಲೆ ಹೇಳಿದವರಿಗೆ ನಾವು ಕೊಟ್ಟ ಉತ್ತರವೇ ಅವರಿಗೂ. ಮೆಕಚನ್ 2023ರಲ್ಲಿ, ವಯಸ್ಸು 36 ದಾಟಿದ ಮೇಲೆ, ಮತ್ತೆ ಪಿಟ್ಸ್‌ಬರ್ಗ್‌ಗೇ ಬಂದರು. ಬೇರೆ ಊರುಗಳಲ್ಲಿ ಆಡಿ ಬಂದವರಿಗೇ ಬಿಡಲಾಗದ ತಂಡವನ್ನು ನಾನು ಹೇಗೆ ಬಿಡಲಿ?

ಮಾರ್ಚ್‌ಗೆ ಹೊಸ ಸೀಸನ್. ಸ್ಕೀನ್ಸ್ ಎಸೆಯುತ್ತಾನೆ. ಯಾರಾದರೂ ಒಂದಿಷ್ಟು ರನ್ ಹೊಡೆದುಕೊಟ್ಟರೆ ಸಾಕು. ಅಲ್ಲಿಯವರೆಗೂ 4 ಗಂಟೆಯ ಅಲಾರಂ ತೆಗೆದಿಲ್ಲ. ಆ ಹೊತ್ತಿಗೆ ಎದ್ದು ದಿನಕ್ಕೆರಡು ಕೋಡಿಂಗ್ ಲೆಕ್ಕ ಬಿಡಿಸುತ್ತೇನೆ. ಕೆಲವು ದಿನ ಒಂದೂ ಬಗೆಹರಿಯುವುದಿಲ್ಲ. ಮೊನ್ನೆ ರೂಮ್‌ಮೇಟ್ ಹೊದಿಕೆಯೊಳಗಿಂದ ಕೇಳಿದ.

"ಏನಾಯ್ತೋ, ಸೋತ್ರಾ?"

"ಇನ್ನೂ ನಡೀತಿದೆ, ಮಲ್ಕೋ" ಎಂದೆ.